ನೋಡುವುದು, ನೋಡಿಕೊಳ್ಳುವುದು

ದೊಡ್ಡಮ್ಮ ಬೆಂಗಳೂರು ನೋಡಲು ಬರುತ್ತಾಳೆ ಎಂದು ಗೊತ್ತಾದ ರಾತ್ರಿಯೇ ನಾನು ಕೂತು ಒಂದು ಪಟ್ಟಿ ಬರೆದೆ. ಹೊರಮಾವಿನಲ್ಲಿ ನೆಂಟರ ಮನೆಯ ಮದುವೆಯಿತ್ತು. ಅದು ಮುಗಿಸಿಕೊಂಡು ಶನಿವಾರ, ಭಾನುವಾರ ರಾಮಮೂರ್ತಿ ನಗರದ ನನ್ನ ಬಾಡಿಗೆ ಮನೆಯಲ್ಲಿ ಉಳಿಯುವುದು, ಭಾನುವಾರ ರಾತ್ರಿಯ ತಾಳಗುಪ್ಪದ ರೈಲಿಗೆ ವಾಪಸು ಹೊರಡುವುದು ಎಂದು ತೀರ್ಮಾನವಾಗಿತ್ತು. ಆಕೆಗೆ ಎಪ್ಪತ್ತು ದಾಟಿದೆ. ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಆಚೆ ದಡದವಳು. ಶಿವಮೊಗ್ಗದ ಆಸ್ಪತ್ರೆ, ಧರ್ಮಸ್ಥಳದ ಹರಕೆ ಬಿಟ್ಟರೆ ದೂರದ ಊರೆಂದು ಕಂಡವಳಲ್ಲ. ಎರಡೇ ದಿನ, ಇಷ್ಟು ದೊಡ್ಡ ಊರು. ಪಟ್ಟಿಯಿಲ್ಲದೆ ಆಗುವ ಕೆಲಸವೇ ಇದು?

ಮೊದಲು ಬರೆದದ್ದು ಎಲ್ಲರೂ ಬರೆಯುವ ಪಟ್ಟಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಶ್ವೇಶ್ವರಯ್ಯ ಮ್ಯೂಸಿಯಂ, ಅರಮನೆ, ಬಸವನಗುಡಿಯ ದೊಡ್ಡ ಬಸವಣ್ಣ, ವಿಧಾನಸೌಧ, ಕೊನೆಗೊಂದು ಮಾಲ್. ಬರೆದು ಮುಗಿಸುವ ಹೊತ್ತಿಗೆ ನನಗೇ ನಾಚಿಕೆಯಾಯಿತು. ನನ್ನ ಪಿಎಚ್‌.ಡಿ. ವಿಷಯ ಕನ್ನಡ ಪ್ರವಾಸ ಸಾಹಿತ್ಯ. ಗೊರೂರರು ಅಮೆರಿಕವನ್ನು ಹೇಗೆ ನೋಡಿದರು, ಕಾರಂತರು ‘ಅಪೂರ್ವ ಪಶ್ಚಿಮ’ದಲ್ಲಿ ಯುರೋಪನ್ನು ಹೇಗೆ ನೋಡಿದರು ಎಂದು ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ‘ಪ್ರವಾಸಿಯ ನೋಟ’ ಎಂಬುದನ್ನು ಅನುಮಾನಿಸಲು ಕಲಿತವನು ನಾನು. ಹಾಗಾಗಿ ಆ ಹಾಳೆ ಹರಿದು ಇನ್ನೊಂದು ಬರೆದೆ.

ಎರಡನೆಯ ಪಟ್ಟಿಯಲ್ಲಿ ಮೊದಲು ಬೇಗೂರು. ಅಲ್ಲಿನ ಕ್ರಿ.ಶ. 900ರ ಆಸುಪಾಸಿನ ವೀರಗಲ್ಲಿನಲ್ಲಿ ಬೆಂಗಳೂರೆಂಬ ಹೆಸರು ಮೊದಲ ಸಲ ಸಿಗುತ್ತದೆ. ನಂತರ ಲಾಲ್‌ಬಾಗಿನ ಬಂಡೆ. ಗಾಜಿನ ಮನೆ 1889ರದ್ದು, ತೋಟ ಹೈದರಾಲಿಯ ಕಾಲದ್ದು. ಆದರೆ ಬಂಡೆಗೆ ಸುಮಾರು 300 ಕೋಟಿ ವರ್ಷ. ಆಮೇಲೆ ಹಲಸೂರಿನ ಸೋಮೇಶ್ವರ ದೇವಸ್ಥಾನ, ಬೆಳಗಿನ ಜಾವದ ಕೆ.ಆರ್. ಮಾರ್ಕೆಟ್ಟಿನ ಹೂವಿನ ರಾಶಿ, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳು. ಇದು ‘ನಿಜವಾದ’ ಬೆಂಗಳೂರು ಎಂದುಕೊಂಡೆ. ವಿಧಾನಸೌಧವನ್ನು ಬೇಕೆಂದೇ ಬಿಟ್ಟೆ. ಟಿವಿಯಲ್ಲಿ ದಿನಾ ಕಾಣುವುದನ್ನು ನೋಡಲು ರಾತ್ರಿಯಿಡೀ ರೈಲಿನಲ್ಲಿ ಬರಬೇಕೆ?

ಫೋನಿನಲ್ಲಿ ಎಲ್ಲವನ್ನೂ ವಿವರಿಸಿದೆ. ದೊಡ್ಡಮ್ಮ ಹೂಂ ಹೂಂ ಎನ್ನುತ್ತ ಕೇಳಿ, ಕೊನೆಗೆ, “ಅದೆಲ್ಲ ಇರ್ಲಿ ತಮಾ, ನೀ ಹೇಳಿದಲ್ಲಿಗೆಲ್ಲ ಬರ್ತೀನಿ. ಆದ್ರೆ ನಂಗೆ ವಿಧಾನಸೌಧದ ಲೈಟು ನೋಡ್ಬೇಕು. ಭಾನುವಾರ ರಾತ್ರಿ ಹಾಕ್ತಾರಂತೆ” ಎಂದಳು.

ನಾನು ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರಲಿಲ್ಲ. “ಅದರಲ್ಲಿ ಎಂತ ಇದೆ ದೊಡ್ಡಮ್ಮಾ, ಬರೀ ಲೈಟು” ಎಂದೆ.

“ಬರೀ ಲೈಟೇ ನೋಡ್ಬೇಕು ಅಂತ ಮಾರಾಯ” ಎಂದಳು.

* * *

ಇನ್ನೊಬ್ಬರು ಏನನ್ನು ನೋಡಬೇಕು ಎಂದು ನಾವು ತೀರ್ಮಾನಿಸಬಹುದೇ? ಕೇಳಲು ಇದು ಸಣ್ಣ ಪ್ರಶ್ನೆ. ಆದರೆ ನೆಂಟರಿಗೆ ಊರು ತೋರಿಸುವ ಪ್ರತಿಯೊಬ್ಬನೂ ಇದಕ್ಕೆ ಏನೋ ಒಂದು ಉತ್ತರ ಕೊಟ್ಟುಕೊಂಡೇ ಹೊರಟಿರುತ್ತಾನೆ. ನನ್ನ ಎರಡು ಪಟ್ಟಿಗಳಲ್ಲಿ ಎರಡನೆಯದು ಉತ್ತಮವೆಂದು ನಾನು ನಂಬಿದ್ದೆ. ಈಗ ಯೋಚಿಸಿದರೆ ಎರಡರ ಗುಣವೂ ಒಂದೇ ಅನ್ನಿಸುತ್ತದೆ. ಮೊದಲನೆಯದು, ಎಲ್ಲರೂ ನೋಡುತ್ತಾರೆ, ಅದಕ್ಕೆ ನೀನೂ ನೋಡು ಎನ್ನುತ್ತದೆ. ಎರಡನೆಯದು, ಯಾರೂ ನೋಡುವುದಿಲ್ಲ, ಅದಕ್ಕೇ ನೀನು ನೋಡು ಎನ್ನುತ್ತದೆ. ಬಂದವಳು ಏನನ್ನು ಹುಡುಕಿಕೊಂಡು ಬಂದಿದ್ದಾಳೆ ಎಂದು ಎರಡೂ ಕೇಳುವುದಿಲ್ಲ. ಅಷ್ಟೇ ಅಲ್ಲ, ಎರಡನೆಯದರಲ್ಲಿ ಒಂದು ಅಹಂಕಾರವೂ ಇದೆ. ದೊಡ್ಡಮ್ಮನಿಗೆ ಊರು ತೋರಿಸುವ ನೆಪದಲ್ಲಿ ನನಗೆಷ್ಟು ಗೊತ್ತಿದೆ ಎಂದು ತೋರಿಸುವ ಆಸೆ ಅದರ ಸಾಲುಸಾಲಿನಲ್ಲೂ ಇತ್ತು.

ಇದಕ್ಕೆ ಒಂದು ಆಕ್ಷೇಪವಿದೆ. ತಿಳಿದವನು ತಿಳಿಯದವರಿಗೆ ದಾರಿ ತೋರಿಸುವುದು ತಪ್ಪೇ? ಮೇಷ್ಟ್ರು ಪಾಠ ಮಾಡುವಾಗ ಹುಡುಗರನ್ನು ‘ನಿಮಗೇನು ಬೇಕು’ ಎಂದು ಕೇಳಿ ಮಾಡುವುದಿಲ್ಲವಲ್ಲ. ಬೇಗೂರಿನ ಕಲ್ಲು ಇದೆಯೆಂದೇ ಗೊತ್ತಿಲ್ಲದವರು ಅದನ್ನು ಬಯಸುವುದಾದರೂ ಹೇಗೆ? ಮಾತು ನಿಜ. ಆದರೆ ಇದು ನಿಲ್ಲುವುದು ಎದುರಿಗಿರುವವರಿಗೆ ವಿಷಯ ಗೊತ್ತಿಲ್ಲ ಎಂಬುದು ಖಚಿತವಾದಾಗ ಮಾತ್ರ. ದೊಡ್ಡಮ್ಮನಿಗೆ ಬೆಂಗಳೂರು ಗೊತ್ತಿಲ್ಲ ಎಂದು ನಾನು ಅಂದುಕೊಂಡಿದ್ದೆ, ಆಕೆ ಬೆಂಗಳೂರಿಗೆ ಬಂದಿರಲಿಲ್ಲ ಎಂಬ ಒಂದೇ ಕಾರಣಕ್ಕೆ.

ತತ್ವಜ್ಞಾನಿ ಕಾಂಟ್ ತನ್ನ ಕೋನಿಗ್ಸ್‌ಬರ್ಗ್ ಸೀಮೆ ಬಿಟ್ಟು ಹೊರಗೆ ಹೋದವನಲ್ಲ. ಆದರೂ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ಅವನು ಬಣ್ಣಿಸಿದ್ದು ಕೇಳಿ, ಇಂಗ್ಲೆಂಡಿನವನೊಬ್ಬ ‘ನೀವು ಲಂಡನ್ನಿನಲ್ಲಿ ಎಷ್ಟು ವರ್ಷ ಇದ್ದಿರಿ’ ಎಂದು ಕೇಳಿದನಂತೆ. ಹೋಗದೆಯೂ ಒಂದು ಊರನ್ನು ತಿಳಿಯಬಹುದು. ಕಾಂಟ್ ಪುಸ್ತಕ ಓದಿ ತಿಳಿದಿದ್ದ. ದೊಡ್ಡಮ್ಮ ಬೇರೆ ರೀತಿಯಲ್ಲಿ ತಿಳಿದಿದ್ದಳು.

* * *

ಶನಿವಾರ ಲಾಲ್‌ಬಾಗಿನ ಬಂಡೆ ಹತ್ತಿದೆವು. ಬಂಡೆಯ ವಯಸ್ಸು ಹೇಳಿದೆ. “ಅಷ್ಟೆಲ್ಲ ಲೆಕ್ಕ ಯಾರು ಇಟ್ಕಂಡಿದ್ರು” ಎಂದು ನಕ್ಕು ಸೆರಗಿನಿಂದ ಬೆವರು ಒರೆಸಿಕೊಂಡಳು. ಕೆಂಪೇಗೌಡನ ಗೋಪುರದ ಬುಡದಲ್ಲಿ ಕೂತಾಗ ತಾನಾಗಿಯೇ ಮಾತು ತೆಗೆದಳು.

ಆಕೆಗೆ ಹತ್ತು ವರ್ಷವಾಗಿದ್ದಾಗ ಲಿಂಗನಮಕ್ಕಿಯ ನೀರು ಬಂತು. 1964. ಅಣೆಕಟ್ಟು ಮುಗಿದ ಮೇಲೆ ಮಳೆಗಾಲದ ಹೊಳೆ ಕೆಳಗೆ ಹೋಗುವುದು ಬಿಟ್ಟು ಗದ್ದೆಗೆ ಹತ್ತಿತು. ಮನೆಯ ಹೆಂಚು, ಬಾಗಿಲು, ತೊಲೆ ಬಿಚ್ಚಿಕೊಂಡು ಗುಡ್ಡದ ಮೇಲೆ ಹೋಗಿ ಇನ್ನೊಂದು ಮನೆ ಕಟ್ಟಿಕೊಂಡರು. ಅಳತೆಗೆ ಬಂದಿದ್ದ ಯಾರೋ ಅಧಿಕಾರಿ ಅಜ್ಜನಿಗೆ, “ನಿಮ್ಮ ಗದ್ದೆಯ ನೀರಿನಿಂದ ಬೆಂಗಳೂರಿನ ವಿಧಾನಸೌಧದಲ್ಲಿ ದೀಪ ಉರಿಯುತ್ತದೆ” ಎಂದಿದ್ದನಂತೆ. ಸಮಾಧಾನಕ್ಕೆ ಹೇಳಿದನೋ, ಹೆಮ್ಮೆಯಿಂದ ಹೇಳಿದನೋ. ಅಜ್ಜ ಸಾಯುವವರೆಗೂ ಆ ಮಾತನ್ನು ಆಡುತ್ತಿದ್ದನಂತೆ, ಒಮ್ಮೊಮ್ಮೆ ಬೈಗುಳದ ಹಾಗೆ, ಒಮ್ಮೊಮ್ಮೆ ತನ್ನದೇ ಆಸ್ತಿಯ ವಿಷಯ ಹೇಳಿದ ಹಾಗೆ. ಅವರ ಮನೆಗೆ ಕರೆಂಟು ಬಂದದ್ದು ದೊಡ್ಡಮ್ಮನಿಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೆ.

“ಅಪ್ಪಯ್ಯನಿಗೆ ನೋಡ್ಲಿಕ್ಕೆ ಆಗ್ಲಿಲ್ಲ. ಅದ್ಕೆ ನಾನಾದ್ರೂ ಒಂದ್ಸಲ ನೋಡ್ಕಂಡು ಬರೋಣ ಅಂತ” ಎಂದಳು.

ಮುಳುಗಡೆಯ ಕಥೆ ನನಗೆ ಗೊತ್ತಿರಲಿಲ್ಲ ಎಂದಲ್ಲ. ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜ ಅವರ ‘ದ್ವೀಪ’ವನ್ನು ಎಂ.ಎ.ಯಲ್ಲಿ ಓದಿದ್ದೆ. ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿ 2002ರಲ್ಲಿ ಮಾಡಿದ ಚಿತ್ರದ ಬಗ್ಗೆ ಸೆಮಿನಾರಿನಲ್ಲಿ ಪ್ರಬಂಧ ಮಂಡಿಸಿದ್ದೆ. ಚಪ್ಪಾಳೆಯೂ ಬಿದ್ದಿತ್ತು. ಆದರೆ ನಮ್ಮ ಮನೆಯದೇ ಮುಳುಗಡೆಯ ಬಗ್ಗೆ ಮನೆಯವರನ್ನು ಒಮ್ಮೆಯೂ ಕೇಳಿರಲಿಲ್ಲ. ಪುಸ್ತಕದಲ್ಲಿ ಸಿಕ್ಕಿದ್ದನ್ನು ಮನೆಯಲ್ಲೂ ಕೇಳಬಹುದು ಎಂಬುದು ಹೊಳೆದೇ ಇರಲಿಲ್ಲ.

ಅಲ್ಲಿಯೂ ನಾನು ಸುಮ್ಮನಿರಲಿಲ್ಲ. ಸಂಶೋಧಕನ ಚಾಳಿ. “ದೊಡ್ಡಮ್ಮಾ, ಆದರೆ ಲೆಕ್ಕ ಹಾಕಿದರೆ ಅದು ಸರಿಯಾಗುವುದಿಲ್ಲ” ಎಂದು ಶುರುಮಾಡಿದೆ. ಬೆಂಗಳೂರಿಗೆ 1905ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು. ಜೋಗದ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. ವಿಧಾನಸೌಧ 1956ರಲ್ಲಿ ಮುಗಿಯಿತು. ಲಿಂಗನಮಕ್ಕಿ ಬರುವ ಮುಂಚೆಯೇ ಅಲ್ಲಿ ದೀಪವಿತ್ತು. ಈಗಂತೂ ಕಲ್ಲಿದ್ದಲು, ಬಿಸಿಲು, ಗಾಳಿ, ಎಲ್ಲದರ ವಿದ್ಯುತ್ತೂ ಒಂದೇ ಜಾಲದಲ್ಲಿ ಬೆರೆತು ಹರಿಯುತ್ತದೆ. ಯಾವ ಬಲ್ಬಿನಲ್ಲಿ ಯಾವ ನದಿ ಉರಿಯುತ್ತಿದೆ ಎಂದು ಯಾರೂ ಹೇಳಲಾರರು.

ದೊಡ್ಡಮ್ಮ ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: “ಹಾಲು ಡೈರಿಗೆ ಹಾಕಿದ ಮೇಲೆ ಯಾರ ಮನೆ ಹಾಲು ಯಾವ ಪಾಕೀಟಿಗೆ ಹೋಯ್ತು ಅಂತ ಗೊತ್ತಾಗ್ತದಾ? ಹಾಗಂತ ನಮ್ಮ ಎಮ್ಮೆ ಹಾಲೇ ಕೊಟ್ಟಿಲ್ಲ ಅಂತ ಹೇಳೋಕಾಗ್ತದಾ?”

* * *

ಆ ಉತ್ತರವನ್ನು ಇಟ್ಟುಕೊಂಡು ಆಮೇಲೆ ಬಹಳ ದಿನ ಯೋಚಿಸಿದೆ. ಋಣ ಎಂಬುದನ್ನು ನಾವು ಸಾಮಾನ್ಯವಾಗಿ ಸಾಲದ ಹಾಗೆ ನೋಡುತ್ತೇವೆ. ಇಂಥವರು ಇಂಥವರಿಗೆ ಇಷ್ಟು ಕೊಟ್ಟರು, ಇಷ್ಟು ತೀರಿಸಬೇಕು ಎಂದು. ದಾಖಲೆ ಸಿಗದಿದ್ದರೆ ಋಣವೂ ಇಲ್ಲ. ನಗರಗಳು ಬೆಳೆಯುವುದು ಈ ಅನುಕೂಲದ ಮೇಲೆ. ಎಲ್ಲವೂ ಬೆರೆತುಹೋಗುವ ಹಾಗೆ ಏರ್ಪಾಟು ಮಾಡಿದರೆ ಯಾರೂ ಯಾರಿಗೂ ಬಾಕಿಯಿರುವುದಿಲ್ಲ. ನಾನಿರುವ ರಾಮಮೂರ್ತಿ ನಗರವನ್ನೇ ನೋಡಿ. ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಐಟಿಐ ಕಾರ್ಖಾನೆ ಶುರುವಾಯಿತು. ಆ ಕಾಲದ ಇಂಥ ದೊಡ್ಡ ಕಾರ್ಖಾನೆಗಳಿಗೆಲ್ಲ ವಿದ್ಯುತ್ ಬೇಕಿತ್ತು. ಅವುಗಳ ಸುತ್ತ ಕೆಲಸಗಾರರ ಮನೆಗಳು ಎದ್ದವು, ಹೊಲಗಳು ಸೈಟುಗಳಾದವು, ಹೊರವರ್ತುಲ ರಸ್ತೆ ಬಂತು, ಕೊನೆಗೆ ನನ್ನಂಥ ಬಾಡಿಗೆಯವರು ಬಂದೆವು. ನನ್ನ ಮನೆಯ ಸ್ವಿಚ್ ಒತ್ತುವಾಗ ನಾನು ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ, ತಿಂಗಳ ಬಿಲ್ಲೊಂದನ್ನು ಬಿಟ್ಟು. ನಲ್ಲಿಯ ಕಾವೇರಿ ನೀರೂ ಹಾಗೆಯೇ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಗುಡ್ಡ ಹತ್ತಿಸಿ ತಂದ ನೀರು ಅದು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾಯುವಾಗ ನಾನು ಬೈದುಕೊಂಡದ್ದು ಟ್ಯಾಂಕರಿನವನನ್ನು. ನೀರು ಎಲ್ಲಿಂದ ಬರುತ್ತದೆ ಎಂದು ಆಗಲೂ ಯೋಚಿಸಲಿಲ್ಲ.

ಹಾಗಾದರೆ ನೋಡತಕ್ಕ ಜಾಗಗಳ ಪಟ್ಟಿಯಲ್ಲಿ ಇವೆಲ್ಲ ಇರಬೇಕೇ? ಶನಿವಾರ ರಾತ್ರಿ ನನಗೆ ಹಾಗೇ ಅನ್ನಿಸಿತ್ತು. ಮೂರನೆಯ ಪಟ್ಟಿಯೊಂದು ತಲೆಯಲ್ಲಿ ತಯಾರಾಗುತ್ತಿತ್ತು. ವಿಧಾನಸೌಧ ಕಟ್ಟುವಾಗ ದುಡಿದವರಲ್ಲಿ ಕೈದಿಗಳೂ ಇದ್ದರು. ಬೆಂಗಳೂರಿನ ಹೆಸರಿರುವ ಬೇಗೂರಿನ ಕಲ್ಲು ಕಾಳಗದಲ್ಲಿ ಸತ್ತವನೊಬ್ಬನ ಕಲ್ಲು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಹೀಗೆ ಯಾರು ಏನನ್ನು ಕಳೆದುಕೊಂಡರು ಎಂದು ಹೇಳುತ್ತ ಊರೆಲ್ಲ ಸುತ್ತಬಹುದು. ಆದರೆ ಅದೂ ಒಂದು ಪ್ರವಾಸವೇ ಆಗುತ್ತಿತ್ತು, ಮತ್ತು ಅದರಲ್ಲಿ ದೊಡ್ಡಮ್ಮ ಪ್ರೇಕ್ಷಣೀಯ ವಸ್ತುವಾಗುತ್ತಿದ್ದಳು. ‘ಇವರೇ ಮುಳುಗಡೆಯವರು’ ಎಂದು ನಾನು ನನಗೇ ತೋರಿಸಿಕೊಂಡು ಮನಸ್ಸು ಭಾರ ಮಾಡಿಕೊಂಡು, ಅದರಿಂದಲೇ ಹಗುರಾಗುವ ಏರ್ಪಾಟು ಅದು. ದೊಡ್ಡಮ್ಮ ಬಂದದ್ದು ನನ್ನ ಪಾಪಪ್ರಜ್ಞೆಗೆ ಸಾಕ್ಷಿ ಹೇಳಲಿಕ್ಕಲ್ಲ. ಲೈಟು ನೋಡಲಿಕ್ಕೆ.

ಕನ್ನಡದಲ್ಲಿ ನೋಡು ಎಂಬ ಕ್ರಿಯಾಪದ ವಿಚಿತ್ರವಾಗಿದೆ. ಜೋಗ ನೋಡಿದೆ ಎಂದರೆ ಕಣ್ಣಿನ ಕೆಲಸ. ಹುಷಾರಿಲ್ಲದ ಅಜ್ಜಿಯನ್ನು ನೋಡಿಕೊಂಡು ಬಂದೆ ಎಂದರೆ ಹೋಗಿ, ಪಕ್ಕದಲ್ಲಿ ಕೂತು, ಮಾತಾಡಿಸಿ ಬಂದೆ ಎಂದು. ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದೇನೆ ಎಂದರೆ ಅವಳ ಊಟ, ಔಷಧಿ, ಸ್ನಾನ ಎಲ್ಲ ನನ್ನ ಹೊಣೆ. ಒಂದು ‘ಕೊಳ್ಳು’ ಸೇರಿದ ಕೂಡಲೇ ನೋಟದಿಂದ ಹೊಣೆಗೆ ಬಂದುಬಿಡುತ್ತೇವೆ. ನಮ್ಮ ಹಿರಿಯರು ತತ್ವಶಾಸ್ತ್ರ ಮಾಡಲೆಂದು ಹೀಗೆ ಮಾತು ಕಟ್ಟಿದರೆಂದು ನಾನು ಹೇಳುವುದಿಲ್ಲ. ಆದರೆ ಈ ಮೂರರ ನಡುವಿನ ದೂರ ನನಗೆ ಉಪಯೋಗಕ್ಕೆ ಬಂತು. ಪ್ರವಾಸಿ ಊರನ್ನು ನೋಡುತ್ತಾನೆ. ಊರಿನಲ್ಲಿ ಇರುವವನು ಊರನ್ನು ನೋಡಿಕೊಳ್ಳಬೇಕು. ದೊಡ್ಡಮ್ಮ ಇವೆರಡರ ನಡುವೆ ಇದ್ದಳು. ಅವಳು ‘ನೋಡ್ಕಂಡು ಬರೋಣ’ ಎಂದದ್ದು ನೆಂಟರಲ್ಲಿಗೆ ಕೊಟ್ಟ ಮಗಳನ್ನು ನೋಡಿಕೊಂಡು ಬರುವ ಹಾಗೆ. ಕಳಿಸಿಕೊಟ್ಟದ್ದು ಹೇಗಿದೆ, ಚೆನ್ನಾಗಿದೆಯೋ ಎಂದು ವಿಚಾರಿಸಿಕೊಳ್ಳುವ ನೋಟ ಅದು. ನಾನೋ, ಇಲ್ಲಿ ಆರು ವರ್ಷದಿಂದ ಇದ್ದೂ ನೋಡಿಯೂ ಇರಲಿಲ್ಲ, ನೋಡಿಕೊಂಡೂ ಇರಲಿಲ್ಲ.

* * *

ಭಾನುವಾರ ಸಂಜೆ ಆಟೋದಲ್ಲಿ ಬೆನ್ನಿಗಾನಹಳ್ಳಿ ನಿಲ್ದಾಣಕ್ಕೆ ಬಂದು ಮೆಟ್ರೋ ಹತ್ತಿದೆವು. ದೊಡ್ಡಮ್ಮನ ಊರಿನ ಚೀಲವೂ ಜೊತೆಗಿತ್ತು. ಅಲ್ಲಿಂದಲೇ ಮೆಜೆಸ್ಟಿಕ್ಕಿಗೆ ಹೋಗುವುದೆಂದು. ಯಾರೋ ಹುಡುಗಿ ಎದ್ದು ಸೀಟು ಕೊಟ್ಟಳು. ಇಂದಿರಾನಗರ, ಹಲಸೂರು ಕಳೆಯುವವರೆಗೆ ದೊಡ್ಡಮ್ಮ ಕಿಟಕಿಯಿಂದ ಮನೆಗಳ ತಾರಸಿಗಳನ್ನೂ ನೀರಿನ ಟ್ಯಾಂಕುಗಳನ್ನೂ ನೋಡುತ್ತಿದ್ದಳು. ಎಂ.ಜಿ. ರಸ್ತೆ ದಾಟಿ ರೈಲು ನೆಲದೊಳಗೆ ಇಳಿದಾಗ ಮಾತ್ರ ನನ್ನ ಕೈ ಹಿಡಿದುಕೊಂಡಳು.

ಮೆಟ್ಟಿಲು ಹತ್ತಿ ಮೇಲೆ ಬಂದರೆ ಎದುರಿಗೇ ವಿಧಾನಸೌಧ. ದೀಪ ಹಾಕಿದ್ದರು. ರಸ್ತೆ ಬದಿಯಲ್ಲಿ ಜನ ಸೇರಿದ್ದರು. ಸೆಲ್ಫಿ ತೆಗೆಯುವವರು, ಬಲೂನು ಮಾರುವವರು, ಕಡಲೆಕಾಯಿಯವನು. 2025ರಿಂದ ಕೆಲವು ರಜಾದಿನಗಳಲ್ಲಿ ಟಿಕೆಟ್ಟು ತೆಗೆದು ಒಳಗೂ ನೋಡಬಹುದು. ದೊಡ್ಡಮ್ಮನಿಗೆ ಅದು ಬೇಕಿರಲಿಲ್ಲ. ಬೇಲಿಯ ಈಚೆ ನಿಂತಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಕಣ್ಣೀರು ಬರಬಹುದೆಂದು ನಾನು ಕಾಯುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕು. ಬರಲಿಲ್ಲ.

“ಚಂದ ಇದೆ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಇದ್ರ ಬಿಲ್ಲು ಯಾರು ಕಟ್ತಾರೆ?” ಎಂದಳು.

ಸರ್ಕಾರ ಎಂದೆ. ಮುಂಭಾಗದಲ್ಲಿ ಕೆತ್ತಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತು ನೆನಪಾಗಿ ಅದನ್ನೂ ಹೇಳಿದೆ. ಕೆಂಗಲ್ ಹನುಮಂತಯ್ಯನವರು ಬರೆಸಿದ್ದು ಎಂದೂ ಹೇಳಿದೆ. ದೊಡ್ಡಮ್ಮ ಒಂದು ಕ್ಷಣ ಯೋಚಿಸಿ, “ಹಂಗಾರೆ ನಮ್ಮನ್ನ ಮುಳುಗಿಸಿದ್ದು ದೇವ್ರೇ ಅಂತಾಯ್ತು” ಎಂದು ಜೋರಾಗಿ ನಕ್ಕಳು. ಪಕ್ಕದಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ. ಆಮೇಲೆ ಫೋಟೋ ತೆಗೆಯಲು ಹೇಳಿದಳು. ಸೆರಗು ಸರಿಮಾಡಿಕೊಂಡು, ದೀಪಗಳೆಲ್ಲ ಹಿಂದೆ ಬರುವ ಹಾಗೆ ನಿಂತಳು. ಎಲ್ಲರೂ ನಿಲ್ಲುವ ಹಾಗೆಯೇ.

ಅನ್ಯಾಯದ ನೆನಪಿದ್ದವರು ಚಂದವನ್ನು ಚಂದ ಎನ್ನಬಾರದು ಎಂದು ನಾನು ಎಲ್ಲೋ ಒಳಗೆ ನಂಬಿದ್ದೆ ಅನ್ನಿಸುತ್ತದೆ. ಒಂದೋ ಮೆಚ್ಚಬೇಕು, ಇಲ್ಲವೇ ಪ್ರಶ್ನಿಸಬೇಕು. ಆಕೆ ಎರಡನ್ನೂ ಮಾಡಿದಳು. ಬಿಲ್ಲು ಯಾರು ಕಟ್ಟುತ್ತಾರೆ ಎಂದು ಕೇಳಿದ್ದರಿಂದ ಅವಳ ಖುಷಿ ಕಮ್ಮಿಯಾಗಲಿಲ್ಲ. ಖುಷಿಪಟ್ಟದ್ದರಿಂದ ಪ್ರಶ್ನೆ ಬಿದ್ದುಹೋಗಲೂ ಇಲ್ಲ. ತನ್ನ ಪಾಲೂ ಇರುವ ಜಾಗವನ್ನು ನೋಡುವವರು ಹೀಗೆ ನೋಡಬಲ್ಲರೇನೋ. ಮನೆಯ ಯಜಮಾನಿ ಹಬ್ಬದ ದಿನ ಮನೆಯ ಅಲಂಕಾರ ಕಂಡು ಹಿಗ್ಗುತ್ತಲೇ ಎಣ್ಣೆ ಎಷ್ಟು ಸುರಿದಿರಿ ಎಂದೂ ಕೇಳುತ್ತಾಳಲ್ಲ, ಹಾಗೆ.

ಕೊಟ್ಟವರ ನೋಟ ಹಾಗಿರಬಹುದು. ಪಡೆದವರದ್ದು? ದೊಡ್ಡಮ್ಮನ ಹಾಗೆ ನಗುವ ಹಕ್ಕು ನನಗಿಲ್ಲ. ದೀಪ ಕಂಡು ಮುಖ ಸಿಂಡರಿಸಿಕೊಳ್ಳುವುದೂ ಸುಳ್ಳೇ, ಅದರ ಬೆಳಕಿನಲ್ಲೇ ನಾನು ಓದಿದ್ದು. ನನಗೆ ತೋಚಿದ್ದು ಇಷ್ಟು: ಊರು ಇನ್ನೂ ಕೇಳುತ್ತಿರುವಾಗ ನಾನು ಆ ಮಾತಿನಲ್ಲಿ ಹಾಜರಿರಬೇಕು. 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ತರುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಆ ಸುದ್ದಿಯನ್ನು ನಾನು ಹಾಸ್ಟೆಲಿನ ಮೆಸ್ಸಿನಲ್ಲಿ ಓದಿ ಪುಟ ತಿರುಗಿಸಿದ್ದೆ. ಇಲ್ಲಿ ಉರಿಯುವ, ಹರಿಯುವ ಒಂದೊಂದೂ ಎಲ್ಲಿಂದ ಬಂತು ಎಂದು ಕೇಳುವುದು, ಇನ್ನಷ್ಟು ಬೇಕು ಎನ್ನುವ ಮೊದಲು ಈಗಿರುವುದನ್ನು ಏನು ಮಾಡಿದೆವು ಎಂದು ಕೇಳುವುದು ಬೆಂಗಳೂರಿನಲ್ಲಿ ಇರುವವನ ಕೆಲಸ. ಅದನ್ನು ಸಾಗರದವರಿಗೆ ಬಿಟ್ಟುಕೊಟ್ಟು ನಾನು ಸಹಾನುಭೂತಿ ಮಾತ್ರ ತೋರಿಸಿದರೆ ಅದು ನೋಡುವುದಾಗುತ್ತದೆ, ನೋಡಿಕೊಳ್ಳುವುದಾಗುವುದಿಲ್ಲ.

* * *

ಹಳೆಯ ಗ್ರೀಸಿನಲ್ಲಿ ಒಂದು ಊರಿನವರು ಬೇರೆ ಊರಿನ ಹಬ್ಬ ನೋಡಿ ಬರಲು ತಮ್ಮವರನ್ನು ಕಳಿಸುತ್ತಿದ್ದರು. ಅವರಿಗೆ ‘ಥಿಯೊರೊಸ್’ ಎನ್ನುತ್ತಿದ್ದರು. ನಾವೀಗ ಸಂಶೋಧನೆಯಲ್ಲಿ ಮಾತೆತ್ತಿದರೆ ಹೇಳುವ ‘ಥಿಯರಿ’ ಆ ಮಾತಿನ ಬಳಗದ್ದೇ. ಹೋಗಿ, ನೋಡಿ, ಬಂದು, ಕಂಡದ್ದನ್ನು ಊರಿಗೆ ಹೇಳುವವರೆಗೆ ಅವರ ಕೆಲಸ ಮುಗಿಯುತ್ತಿರಲಿಲ್ಲ. ದೊಡ್ಡಮ್ಮ ಊರು ತಲುಪಿದ ಮೇಲೆ ಫೋನು ಮಾಡಿದ್ದಳು. ಸಾಗರದಿಂದ ಮುಂದೆ ಈಗ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿಲ್ಲ. ನೀರು ನಿಂತು ಅರವತ್ತು ವರ್ಷ ಕಳೆದ ಮೇಲೆ, 2025ರ ಜುಲೈನಲ್ಲಿ, ಸೇತುವೆಯಾಗಿದೆ. ಮನೆಗೆ ಬಂದವರಿಗೆಲ್ಲ ಫೋಟೋ ತೋರಿಸುತ್ತಿದ್ದಾಳಂತೆ. ಏನು ಹೇಳುತ್ತೀಯ ಎಂದು ಕೇಳಿದೆ. “ನಮ್ಮ ದೀಪ ಚೆನ್ನಾಗಿ ಉರೀತಾ ಇದೆ ಅಂತ ಹೇಳ್ತೀನಿ” ಎಂದಳು.

ಫೋನಿಡುವ ಮುಂಚೆ ಒಂದು ಮಾತು ಹೇಳಿದಳು. ಬೆಂಗಳೂರಿನವರೆಲ್ಲ ಮಳೆಗಾಲದಲ್ಲಿ ಜೋಗ ನೋಡಲು ಬರುತ್ತಾರೆ. 1819 ಅಡಿ ತುಂಬಿ ಬಾಗಿಲು ತೆಗೆದರೆ ಟಿವಿಯವರೂ ಬರುತ್ತಾರೆ. ನೀನು ಬೇಸಿಗೆಯಲ್ಲಿ ಬಾ. ನೀರು ಪೂರ್ತಿ ಇಳಿದಾಗ ಮಡೆನೂರಿನಲ್ಲಿ ಮುಳುಗಿದ್ದ ಹಿರೇಭಾಸ್ಕರ ಅಣೆಕಟ್ಟು ಕಾಣುತ್ತದೆ, ಅದನ್ನು ನೋಡಲು ಜನ ಬರುತ್ತಾರೆ. ನಮ್ಮ ಹಳೇ ಮನೆಯ ಪಂಚಾಂಗವೂ ಕಾಣುತ್ತದೆ, ಅದನ್ನು ನೋಡಲು ಯಾರೂ ಬರುವುದಿಲ್ಲ. ತುಳಸಿಕಟ್ಟೆ ಎಲ್ಲಿತ್ತು, ಕೊಟ್ಟಿಗೆ ಎಲ್ಲಿತ್ತು ಎಂದು ತೋರಿಸುತ್ತೇನೆ.

ಏಪ್ರಿಲ್ ಕೊನೆಗೆ ಹೋಗಬೇಕೆಂದಿದ್ದೇನೆ. ಈ ಸಲ ಪಟ್ಟಿ ಮಾಡಿಲ್ಲ.